ಮಿದುಳಿಗೂ ಊಟ ಬೇಕು

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಓದುತ್ತಿದ್ದ ಒಬ್ಬ ಅಕ್ಕನಿಗೆ ತಲೆ ಸುತ್ತು ಬಂತು. ಕೈ ನಡುಗಿತು. ಮೈ ಬೆವರಿತು. ಗೊತ್ತಿದ್ದ ಅಕ್ಷರವೂ ತೋಚಲಿಲ್ಲ. "ಗಾಳಿ ಸೋಕಿದೆ" ಅಂದರು ಪಕ್ಕದವರು.

ಆ ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಅವತ್ತು ಏಕಾದಶಿ. ಮಾತ್ರೆ ನುಂಗಿದ್ದರು, ಊಟ ಮಾಡಿರಲಿಲ್ಲ. ನಾವು ಸಕ್ಕರೆ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡರು.

ಯಾಕೆ ಹೀಗಾಯ್ತು? ತಿಳಿಯೋಣ ಬನ್ನಿ.

ನಾವು ಮುದ್ದೆ, ಅನ್ನ, ರೊಟ್ಟಿ ಉಣ್ಣುತ್ತೇವೆ. ಅದರಲ್ಲಿರುವ ಹಿಟ್ಟಿನ ಅಂಶ ಕರುಳಿನಲ್ಲಿ ಒಂದು ಬಗೆಯ ಸಕ್ಕರೆ ಆಗುತ್ತೆ. ಅದರ ಹೆಸರು ಗ್ಲೂಕೋಸ್. ಅದು ರಕ್ತ ಸೇರಿ ಮೈಯೆಲ್ಲ ಹರಿಯುತ್ತೆ.

ಮಿದುಳಿಗೆ ಈ ಗ್ಲೂಕೋಸೇ ಮುಖ್ಯ ಆಹಾರ. ನಮ್ಮ ಮೈತೂಕ 100 ಪಾಲು ಅಂದರೆ ಮಿದುಳು ಬರೀ 2 ಪಾಲು. ಆದರೆ ನಾವು ಸುಮ್ಮನೆ ಕೂತಿದ್ದರೂ ಮೈ ಬಳಸುವ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್! ನಾವು ಮಲಗಿದರೂ ಮಿದುಳಿಗೆ ರಜೆ ಇಲ್ಲ. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವೂ ಇಲ್ಲ. ರಕ್ತ ತಂದುಕೊಟ್ಟರೆ ಉಂಟು.

ಮಿದುಳಿನ ಒಳಗೆ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ಅವುಗಳ ಗೋಡೆ ಬಹಳ ಬಿಗಿ. ಸಂದಿಯೇ ಇಲ್ಲದ ಇಟ್ಟಿಗೆ ಗೋಡೆಯ ಹಾಗೆ. ರೋಗಾಣು, ವಿಷ ಸುಲಭವಾಗಿ ಒಳಗೆ ನುಗ್ಗದಂತೆ ಅದು ಕಾಯುತ್ತೆ.

ಹಾಗಾದರೆ ಗ್ಲೂಕೋಸ್ ಹೇಗೆ ಒಳಗೆ ಹೋಗುತ್ತೆ? ಅದಕ್ಕೆಂದೇ ಗೋಡೆಯಲ್ಲಿ ಪುಟ್ಟ ಬಾಗಿಲುಗಳಿವೆ. ಬಾಗಿಲು ಮೊದಲು ರಕ್ತದ ಕಡೆಗೆ ತೆರೆಯುತ್ತೆ. ಗ್ಲೂಕೋಸನ್ನು ಹಿಡಿದುಕೊಳ್ಳುತ್ತೆ. ಆಮೇಲೆ ಮಿದುಳಿನ ಕಡೆಗೆ ತೆರೆದು ಬಿಟ್ಟುಕೊಡುತ್ತೆ. ಹಗಲು ರಾತ್ರಿ ಇದೇ ಕೆಲಸ.

ನೀರು ಮೇಲಿಂದ ತಗ್ಗಿಗೆ ಹರಿಯುತ್ತೆ ಅಲ್ವಾ? ಹಾಗೇ ಗ್ಲೂಕೋಸ್ ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತೆ. ರಕ್ತದಲ್ಲೇ ಅದು ತೀರಾ ಕಡಿಮೆಯಾದರೆ ಬಾಗಿಲು ಇದ್ದೂ ಪ್ರಯೋಜನವಿಲ್ಲ. ಮಿದುಳು ಹಸಿಯುತ್ತೆ.

ಆರೋಗ್ಯವಂತರು ಒಂದು ಹೊತ್ತು ಉಪವಾಸ ಇದ್ದರೆ ಪಿತ್ತಜನಕಾಂಗ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತೆ. ಆದರೆ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ಅಥವಾ ಇನ್ಸುಲಿನ್ ಸೂಜಿ ತಗೊಂಡು ಊಟ ಬಿಟ್ಟರೆ ಅದು ಸಾಲದು. ಆ ಅಕ್ಕನಿಗೆ ಆಗಿದ್ದು ಇದೇ. ಗಾಳಿಯಲ್ಲ, ಮಿದುಳಿನ ಹಸಿವು.

ನೆನಪಿಡಿ:

1. ಇಂಥ ಮಾತ್ರೆ, ಸೂಜಿ ತಗೊಳ್ಳುವವರು ಊಟ ಬಿಡಬಾರದು. ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿ.

2. ನಡುಕ, ಬೆವರು, ತಲೆ ಸುತ್ತು ಬಂದರೆ ಕೂಡಲೇ 3 ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಊಟ ಕೊಡಿ.

3. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲರಿಗೂ ಬಡಿಸಿ, ಉಳಿದರೆ ಉಣ್ಣೋದು ನಮ್ಮ ಹೆಂಗಸರ ರೂಢಿ. ಅಕ್ಕಂದಿರೇ, ನಮ್ಮ ತಟ್ಟೆಗೂ ಹೊತ್ತಿಗೆ ಸರಿಯಾಗಿ ಬಡಿಸಿಕೊಳ್ಳೋಣ.