ಮನೆ ಖಾಲಿ ಮಾಡಿ ಅಂದ್ರೆ ಯಾರನ್ನ ಕೇಳ್ಬೇಕು?

2024ರ ಸೆಪ್ಟೆಂಬರ್. ಹೈದರಾಬಾದಿನ ಚಾದರ್‌ಘಾಟ್ ಸುತ್ತಮುತ್ತ ಮೂಸಿ ನದಿ ದಂಡೆಯ ಮನೆ ಗೋಡೆಗಳ ಮೇಲೆ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದು ಹೋದ್ರು: ‘ಆರ್‌ಬಿ-ಎಕ್ಸ್’. ಅಂದ್ರೆ ಈ ಮನೆ ನದಿ ಪಾತ್ರದೊಳಗಿದೆ, ಹೋಗ್ಬೇಕು.

ನಿಮ್ಮ ಬಾಗಿಲಿಗೂ ಇಂಥ ಗುರುತೋ ನೋಟಿಸೋ ಬಂದ್ರೆ, ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನೆ ಕೂರ್ಬೇಡಿ. ಉಚಿತ ವಕೀಲರು ಯಾರಿಗೆ ಅಂತ ಹೇಳೋದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್. ಹೆಂಗಸರು, ಮಕ್ಕಳು, ಎಸ್‌ಸಿ, ಎಸ್‌ಟಿ, ಅಂಗವಿಕಲರು: ಇವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಉಳಿದ ಬಡವರಿಗೆ ಆದಾಯದ ಮಿತಿ ಇದೆ. ಅದಕ್ಕೇ ಹೇಳ್ತೀನಿ, ಮನೆಯ ಹೆಣ್ಣುಮಗಳೇ ಅರ್ಜಿ ಹಾಕಲಿ.

ಅರ್ಜಿ ಬರೆಯೋಕೆ ಬರದಿದ್ರೆ ಬಾಯಲ್ಲಿ ಹೇಳಿದ ಮನವಿಯನ್ನೂ ತಗೋತಾರೆ. ನೋಟಿಸ್, ಆಧಾರ್, ಕರೆಂಟ್ ಬಿಲ್, ಗೋಡೆಯ ಫೋಟೊ, ಇದ್ದಿದ್ದನ್ನ ಹಿಡ್ಕೊಂಡು ಹೈದರಾಬಾದಿನ ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ, ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿ ಅಂತ ಕೇಳಿ.

ತಡ ಮಾತ್ರ ಮಾಡ್ಬೇಡಿ. ಕೆಡವೋ ಮುಂಚೆ 15 ದಿನದ ನೋಟಿಸ್ ಕೊಡ್ಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ಆದ್ರೆ ರಸ್ತೆ, ಫುಟ್‌ಪಾತ್, ನದಿ, ಕೆರೆ ಜಾಗದ ಅನಧಿಕೃತ ಕಟ್ಟಡಗಳಿಗೆ ಆ ರಕ್ಷಣೆ ಇಲ್ಲ. ಅದಕ್ಕೇ ಮೂಸಿ ದಂಡೆಯವರಿಗೆ ವಕೀಲರು ಎಲ್ಲರಿಗಿಂತ ಮೊದಲು ಬೇಕು. ಬದಲಿ ಮನೆ ಎಲ್ಲಿ, ಯಾವಾಗ ಅಂತ ಬರವಣಿಗೆಯಲ್ಲಿ ಕೇಳೋಕೆ.

ಫೋನ್ ಮಾಡೋದಾದ್ರೆ, ದೇಶಕ್ಕೆಲ್ಲ ಒಂದೇ ನಂಬರ್: 15100.