ವಾರಕ್ಕ ಒಂದ ವಾಕ್ಯ ಸಾಕು

ಬಾಸೆಲ್ ಮಿಷನ್‌ನವರು 1837ರಾಗ ಧಾರವಾಡಕ್ಕ ಬಂದ್ರು, 1839ರಾಗ ಹುಬ್ಬಳ್ಳಿಗೆ. ಅವತ್ತಿನಿಂದ ನಮ್ಮ ಅವಳಿ ಊರಿನ ಕ್ರೈಸ್ತರ ಮನಿಯೊಳಗ ಕನ್ನಡ ಬೈಬಲ್ ಓದು ನಡಕೊಂತ ಬಂದದ. ಓದೂದೇನೋ ಆಗ್ತದ್ರಿ. ಮುಂಜಾನೆ ಓದಿದ್ದು ಮಧ್ಯಾಹ್ನದ ಮಟ ಉಳೀಬೇಕಲ್ಲ?

ಯಾಕೋಬನ ಪತ್ರಿಕೆ 1:19 ತಗೋರಿ. ಕೇಳೂದಕ್ಕ ಮುಂದಿರ್ರಿ, ಮಾತಿಗೂ ಸಿಟ್ಟಿಗೂ ಅವಸರ ಬ್ಯಾಡ ಅನ್ನೂದು ಅದರ ಸಾರ. ಚಿಗರಿ ಬಸ್ಸಿನ್ಯಾಗ ನಿಂತೀರಿ. ಫ್ಯಾಮಿಲಿ ಗ್ರೂಪಿನ್ಯಾಗ ನಿಮ್ಮಣ್ಣ ಚುಚ್ಚಿ ಒಂದು ಮೆಸೇಜ್ ಹಾಕ್ಯಾನ. ನಿಮ್ಮ ಉತ್ತರ ಟೈಪ್ ಆಗಿದ್ದೂ ಆತು, ಬೆರಳು ಸೆಂಡ್ ಮ್ಯಾಲೇ ಅದ. ಆ ಯಾಕೋಬನ ವಾಕ್ಯ ಬೇಕಾಗೂದು ಈ ಗಳಿಗ್ಯಾಗ ನೋಡ್ರಿ. ಟೈಪ್ ಮಾಡಿದ್ದು ಅಳಸ್ರಿ. ಬಸ್ ಇಳದು ಫೋನ್ ಹಚ್ಚಿ, ‘ಏನಾತಣ್ಣಾ?’ ಅಂತ ಕೇಳ್ರಿ. ಅವ ಮುಗಸೂ ಮಟ ನಡುವ ಬಾಯಿ ಹಾಕಬ್ಯಾಡ್ರಿ.

ತನ್ನ ಮ್ಯಾಲೆ ಹಿಡಿತ ಇಲ್ಲದವನನ್ನ ಜ್ಞಾನೋಕ್ತಿ 25:28 ಗ್ವಾಡಿ ಬಿದ್ದ ಪಟ್ಟಣಕ್ಕ ಹೋಲಿಸ್ತದ. ಬಿದ್ದ ಗ್ವಾಡಿ ಒಂದ ದಿನಕ್ಕ ಏಳೂದಿಲ್ಲ. ಅದಕ್ಕ ದಿನಾ ಹತ್ತು ವಾಕ್ಯ ಫಾರ್ವರ್ಡ್ ಮಾಡೂದಕ್ಕಿಂತ, ವಾರಕ್ಕ ಒಂದನ್ನ ಗಟ್ಟಿಯಾಗಿ ಹಿಡೀರಿ ಅಂತೀನಿ ನಾ. ಚೀಟಿಮ್ಯಾಲೆ ಬರದು ಕನ್ನಡಿಗೆ ಅಂಟಸ್ರಿ. ರಾತ್ರಿ ಪ್ರಾರ್ಥನಿಗೆ ಕುಂತಾಗ, ಇವತ್ತು ಎಲ್ಲಿ ಪಾಲಿಸಿದೆ, ಎಲ್ಲಿ ಎಡವಿದೆ ಅಂತ ದೇವರ ಮುಂದ ಬಿಚ್ಚಿ ಹೇಳ್ರಿ.

ಎಡವಿದ್ರ ಕುಗ್ಗಬ್ಯಾಡ್ರಿ. ಗಲಾತ್ಯ 5ನೇ ಅಧ್ಯಾಯದಾಗ ಪೌಲ ಆತ್ಮಸಂಯಮವನ್ನ ಪವಿತ್ರಾತ್ಮನ ಫಲಗಳ ಜೋಡಿ ಎಣಿಸ್ಯಾನ. ಬರೇ ನಿಮ್ಮ ಹಟದಿಂದ ಬರೂದಲ್ಲ ಅದು. ಅದನ್ನ ದೇವರ ಹತ್ರ ಕೇಳಿಕೊಳ್ರಿ, ಈ ವಾರದ ವಾಕ್ಯ ಇವತ್ತ ಆರಿಸ್ರಿ.