ಬಿಟ್ಟ ಬಾಣಕ್ಕೆ ಕಾವಲು

ಬ್ರಹ್ಮಾಸ್ತ್ರವನ್ನು ಬಿಡಬಲ್ಲವನಾಗಿದ್ದ ಅಶ್ವತ್ಥಾಮನಿಗೆ ಅದನ್ನು ಹಿಂತೆಗೆಯುವ ವಿದ್ಯೆ ತಿಳಿದಿರಲಿಲ್ಲ. ರಾಕೆಟ್ಟುಗಳ ವಿಚಾರವನ್ನು ಓದುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ. ದಾರಿ ತಪ್ಪಿದ ರಾಕೆಟ್ಟನ್ನು ಮರಳಿ ಕರೆಯುವಂತಿಲ್ಲ. ಜನರಿರುವೆಡೆಗೆ ಬೀಳುವ ಮೊದಲೇ ಅದನ್ನು ಆಕಾಶದಲ್ಲಿ ಒಡೆದುಹಾಕುವುದೊಂದೇ ಉಪಾಯ.

ಅಮೆರಿಕದ ಫ್ಲಾರಿಡ ತೀರದ ಕೇಪ್ ಕನಾವೆರಲ್‌ನಲ್ಲಿ ಈ ಕಠಿನ ಕರ್ತವ್ಯವು ದಶಕಗಳ ಕಾಲ ಒಬ್ಬ ಸುರಕ್ಷಾ ಅಧಿಕಾರಿಯ ಪಾಲಿನದಾಗಿತ್ತು. ನೆಲದ ರೆಡಾರುಗಳು ತೋರುವ ಪಥವನ್ನು ನೋಡಿ ಆತ ನಿರ್ಧರಿಸಬೇಕು. 1962ರ ಜುಲೈ 22ರಂದು ಶುಕ್ರಗ್ರಹದತ್ತ ಹೊರಟ ಮ್ಯಾರಿನರ್-1 ನೌಕೆಯ ರಾಕೆಟ್ಟು ಹಾದಿ ಬಿಟ್ಟಾಗ, 293ನೆಯ ಸೆಕೆಂಡಿನಲ್ಲಿ ಅಂಥ ಅಧಿಕಾರಿಯ ಆಜ್ಞೆಯೇ ಅದನ್ನು ನಾಶಗೊಳಿಸಿತು. ಅನೇಕರ ಶ್ರಮ ಕ್ಷಣಾರ್ಧದಲ್ಲಿ ಬೂದಿಯಾಯಿತು, ನಿಜ. ಆದರೆ ಒಡೆಯದೆ ನೆಲಕ್ಕೆ ಬಿದ್ದರೆ? 1996ರ ಫೆಬ್ರವರಿಯಲ್ಲಿ ಚೀನದ ಷೀಚಾಂಗ್‌ನಿಂದ ಏರಿದ ರಾಕೆಟ್ಟು ಕೆಲವೇ ಸೆಕೆಂಡುಗಳಲ್ಲಿ ವಾಲಿ ಬೆಟ್ಟಕ್ಕೆ ಬಡಿಯಿತು. ಸರ್ಕಾರದ ಲೆಕ್ಕದಂತೆಯೇ 6 ಮಂದಿ ಸತ್ತರು, 57 ಮಂದಿ ಗಾಯಗೊಂಡರು.

ಈಗ ಆ ಕಾವಲು ರಾಕೆಟ್ಟಿನ ಒಡಲನ್ನೇ ಸೇರಿದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳು ಸದಾ ಕಾಲವನ್ನು ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಲು ಹಿಡಿದ ಸಮಯದಿಂದ ರಾಕೆಟ್ಟು ತನ್ನ ನೆಲೆಯನ್ನು ತಾನೇ ಗಣಿಸಿಕೊಳ್ಳುತ್ತದೆ. "ಈ ಗಳಿಗೆಯಲ್ಲಿ ಎಂಜಿನು ನಿಂತರೆ ನಾನು ಬೀಳುವುದೆಲ್ಲಿ?" ಎಂದು ಎಡೆಬಿಡದೆ ಲೆಕ್ಕ ಹಾಕುತ್ತದೆ. ಆ ಬಿಂದುವು ಮೊದಲೇ ಎಳೆದಿಟ್ಟ ಗೆರೆಯನ್ನು ದಾಟಿದರೆ ತನ್ನನ್ನು ತಾನೇ ಸಂಹರಿಸಿಕೊಳ್ಳುತ್ತದೆ. 2017ರ ಫೆಬ್ರವರಿ 19ರಂದು ಫಾಲ್ಕನ್-9 ಈ ಸ್ವಯಂಚಾಲಿತ ಕಾವಲನ್ನೇ ನೆಚ್ಚಿ ಫ್ಲಾರಿಡದಿಂದ ಏರಿತು.

ಯಂತ್ರವು ಅಂಜುವುದಿಲ್ಲ, ಮರುಕಪಡುವುದಿಲ್ಲ, ತಡಮಾಡುವುದೂ ಇಲ್ಲ. ಆದರೂ ಅದು ಸರ್ವಶಕ್ತವಲ್ಲ. 2023ರ ಏಪ್ರಿಲ್ 20ರಂದು ಟೆಕ್ಸಸ್‌ನಿಂದ ಹಾರಿದ ಸ್ಟಾರ್‌ಷಿಪ್ ಹದ ತಪ್ಪಿ ತಿರುಗತೊಡಗಿತು. ಕಾವಲು ಯಂತ್ರ ಆಜ್ಞೆ ಕೊಟ್ಟಿತು. ಆದರೆ ಆ ಬೃಹತ್ಕಾಯ ಒಡೆಯಲು ಸುಮಾರು 40 ಸೆಕೆಂಡು ಹಿಡಿಯಿತು. ತೀರ್ಪು ಸರಿಯಾಗಿದ್ದರೂ ಅದನ್ನು ನಡೆಸುವ ಸಿಡಿಮದ್ದಿನ ಬಲ ಸಾಲದಾಗಿತ್ತು.

ಇಷ್ಟು ದೊಡ್ಡ ತೀರ್ಮಾನವನ್ನು ಯಂತ್ರಕ್ಕೆ ಒಪ್ಪಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ನನಗೆ ತೋರುವಂತೆ ತೀರ್ಮಾನ ಈಗಲೂ ಮನುಷ್ಯನದೇ. ಅದರ ಹೊತ್ತು ಮಾತ್ರ ಬದಲಾಗಿದೆ. ಹಿಂದೆ ಗಾಬರಿಯ ಗಳಿಗೆಯಲ್ಲಿ ಆಗುತ್ತಿದ್ದುದು ಇಂದು ದಿನಗಳ ಮುಂಚೆ, ಶಾಂತಚಿತ್ತದಿಂದ, ಭೂಪಟದ ಮುಂದೆ ಕುಳಿತು ಆಗುತ್ತದೆ. ಆದುದರಿಂದ ಗೆರೆ ಎಳೆಯುವವನ ಹೊಣೆ ಇನ್ನೂ ಭಾರವಾಯಿತು. ತೀರದ ಒಂದು ಮನೆಯನ್ನು ಅವನು ಮರೆತರೆ, ಆಕಾಶದ ಉಪಗ್ರಹಗಳೆಲ್ಲ ಕೂಡಿದರೂ ಅದನ್ನು ನೆನಪಿಸಲಾರವು.